ರಿಬ್ಬನ್ ಕಟ್ಟಿದ ಯಂತ್ರ

ಬಂದಾಹುನ್ ಜಿಲ್ಲಾಸ್ಪತ್ರೆಯ ಪ್ರಯೋಗಾಲಯಕ್ಕೆ ಬಂದ ಹೊಸ ಯಂತ್ರವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಲಾರಿಯಲ್ಲಿ ಬಂದಿಳಿದ ಆ ಸವಾರಿ, ಮರುಭೂಮಿಯ ಧೂಳುಗಾಳಿ ಬೀಸಿ ಊರವರ ತುಟಿಯೆಲ್ಲ ಒಡೆದರೂ, ಪ್ಲಾಸ್ಟಿಕ್ ಹೊದ್ದು ಕೆಂಪು ರಿಬ್ಬನ್ ಸುತ್ತಿಕೊಂಡು ಮೇಜಿನ ಮೇಲೆ ಕೂತೇ ಇತ್ತು. ಒಂದಿಷ್ಟು ರಕ್ತ ಹಾಕಿದರೆ ಸಾಕು, ಮಂತ್ರಿಯೊಬ್ಬರು ಭಾಷಣ ಮುಗಿಸುವಷ್ಟರಲ್ಲಿ ಅದು ಲಾಸ್ಸಾ ಜ್ವರವೋ ಅಲ್ಲವೋ ಎಂದು ಹೇಳಿಬಿಡುತ್ತದಂತೆ. ಆದರೆ ಮೊದಲು ಮಂತ್ರಿ ಬರಬೇಕು, ಭಾಷಣ ಆಗಬೇಕು, ರಿಬ್ಬನ್ ಕತ್ತರಿಸಬೇಕು. ಅದಕ್ಕೆ ಮುಂಚೆ ಕೈ ಹಚ್ಚುವುದೆಂದರೆ ಸಿಯೆರಾ ಲಿಯೋನಿನಲ್ಲಿ ಸರ್ಕಾರದ ಮುಖಕ್ಕೆ ಉಗಿದ ಹಾಗೆ. ಸೇತುವೆಯಾಗಲಿ, ಶಾಲೆಯ ಪಾಯಖಾನೆಯಾಗಲಿ, ಹಸ್ತಾಂತರದ ಸಮಾರಂಭ ಆಗುವ ತನಕ ಅದು ಇದ್ದೂ ಇಲ್ಲದ್ದು. ಊರಾಚೆಯ ಹೊಸ ಬಾವಿಗೆ ಹೀಗೇ ಬೀಗ ಜಡಿದಿಟ್ಟಾಗ ಹೆಂಗಸರು ಬೇಸಿಗೆಯಿಡೀ ಅದರ ಪಕ್ಕದಲ್ಲೇ ಹಾದುಹೋಗಿ ಹೊಂಡದ ನೀರು ಹೊತ್ತು ತಂದಿದ್ದರು. ಯಾರಿಗೂ ಅದು ವಿಚಿತ್ರವೆನಿಸಿರಲಿಲ್ಲ.

ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಲಹಾಯ್ ಕಲ್ಲೊನನಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅವನ ನಾಲಿಗೆಯ ಹರಿತ ಊರಿಗೇ ಗೊತ್ತು. ಸಂಜೆ ತಾಳೆ ಹೆಂಡದಂಗಡಿಯ ಬೆಂಚಿನ ಮೇಲೆ ಕೂತನೆಂದರೆ ಇಡೀ ಆರೋಗ್ಯ ಇಲಾಖೆಯ ಬಟ್ಟೆ ಬಿಚ್ಚಿ ನಿಲ್ಲಿಸುತ್ತಿದ್ದ. ರೋಗ ಕಣ್ಗಾವಲು ಎಂದು ದೊಡ್ಡ ಹೆಸರಿಟ್ಟುಕೊಂಡು ರಾಜಧಾನಿಯವರು ಸಮುದ್ರದಂಡೆಯ ಹೋಟೆಲಿನಲ್ಲಿ ವರ್ಷ ವರ್ಷ ನಡೆಸುವ ತರಬೇತಿಯನ್ನು ಅವನ ಬಾಯಿಂದಲೇ ಕೇಳಬೇಕು. ಪರದೆಯ ಮೇಲೆ ಇಲಿಯ ಚಿತ್ರ ಹಾಕಿ, ಇದು ಇಲಿ, ಇದರಿಂದ ಲಾಸ್ಸಾ ಬರುತ್ತದೆ ಎಂದು, ಇಲಿಗಳ ಜೊತೆಗೇ ಹುಟ್ಟಿ ಬೆಳೆದವರಿಗೆ ಪಾಠ ಹೇಳುತ್ತಾರೆ. ಮಧ್ಯಾಹ್ನ ಸೀಗಡಿ ಬಡಿಸುತ್ತಾರೆ. ಸಂಜೆ ಪ್ರಮಾಣಪತ್ರ ಕೈಗಿಟ್ಟು ಬಸ್ಸು ಹತ್ತಿಸುತ್ತಾರೆ. ಊರಿಗೆ ಬಂದು ನೋಡಿದರೆ ಕೈಗವಸಿಲ್ಲ, ಕರೆಂಟಿಲ್ಲ, ಪರೀಕ್ಷೆಗೆಂದು ರಾಜಧಾನಿಗೆ ಕಳಿಸಿದ ರಕ್ತ ಮುಟ್ಟಿತೋ ದಾರಿಯಲ್ಲೇ ಕೊಳೆಯಿತೋ ಹೇಳುವವರಿಲ್ಲ.

ಜಿಲ್ಲಾ ವೈದ್ಯಾಧಿಕಾರಿ ಡಾಕ್ಟರ್ ಸೆನೆಸಿಗೆ ಈ ಯಾವ ಉರಿಯೂ ಇರಲಿಲ್ಲ. ಅವರ ಹೆಮ್ಮೆಯೇ ಬೇರೆ. ಪ್ರತಿ ಸೋಮವಾರ ಬೆಳಿಗ್ಗೆ ದೇಶದ ಎಲ್ಲ ಜಿಲ್ಲೆಗಳಿಗಿಂತ ಮೊದಲು ರಾಜಧಾನಿ ಮುಟ್ಟುವ ವರದಿ ಬಂದಾಹುನ್‌ದು: ಲಾಸ್ಸಾ ಇಲ್ಲ, ಕಾಲರಾ ಇಲ್ಲ, ಹಳದಿ ಜ್ವರ ಇಲ್ಲ, ಏನೇನೂ ಇಲ್ಲ. ಪರೀಕ್ಷೆಯನ್ನೇ ಮಾಡದಿದ್ದರೆ ರೋಗ ಎಲ್ಲಿಂದ ಬಂದೀತು? ಹೊತ್ತಿಗೆ ಸರಿಯಾಗಿ ವರದಿ ಕಳಿಸುವ ಜಿಲ್ಲೆಯೆಂದು ಇಲಾಖೆ ಒಂದು ಹಿತ್ತಾಳೆ ಬಟ್ಟಲನ್ನೂ ಕೊಟ್ಟಿತ್ತು. ಡಾಕ್ಟರು ಅದರಲ್ಲಿ ಪೆನ್ನು ಇಟ್ಟುಕೊಳ್ಳುತ್ತಿದ್ದರು. ಮನುಷ್ಯ ಕೆಟ್ಟವರೇನಲ್ಲ, ಯಾರ ಮನೆಯ ನಾಮಕರಣಕ್ಕೂ ತಪ್ಪಿಸಿಕೊಂಡವರಲ್ಲ. ಜ್ವರ ಎಂದು ಬಂದವರಿಗೆಲ್ಲ ಮಲೇರಿಯಾ ಎನ್ನುತ್ತಿದ್ದರು, ಬಹಳ ಸಲ ಅದು ಮಲೇರಿಯಾವೇ ಆಗಿರುತ್ತಿತ್ತು. ಆಗಿರದಿದ್ದಾಗ ಸತ್ತವರು ಎದ್ದು ಬಂದು ದೂರು ಕೊಡುತ್ತಿರಲಿಲ್ಲ.

ಹೆಂಡದಂಗಡಿಯಲ್ಲಿ ಹುಲಿಯಾಗಿದ್ದ ಲಹಾಯ್ ಈ ಡಾಕ್ಟರ ಎದುರಿಗೆ ಮಾತ್ರ 'ಹೌದು ಸಾರ್' ಬಿಟ್ಟು ಇನ್ನೊಂದು ಮಾತಾಡುತ್ತಿರಲಿಲ್ಲ. ಯಂತ್ರದ ಹಸ್ತಾಂತರ ಆದ ದಿನವೇ ಪ್ರಯೋಗಾಲಯ ಹೋಗಿ ಜಿಲ್ಲಾ ರೋಗಪತ್ತೆ ಕೇಂದ್ರ ಆಗುವುದಿತ್ತು, ಅದಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಬಾಯಿ ಸ್ವಲ್ಪ ಹಿಡಿತದಲ್ಲಿಟ್ಟುಕೊಂಡರೆ ಆ ಕುರ್ಚಿ ನಿನ್ನದೇ ಎಂದು ಡಾಕ್ಟರು ಬೆನ್ನು ತಟ್ಟಿ ಹೇಳಿದ್ದರು. ಲಹಾಯ್ ಬಾಯಿ ಹಿಡಿತದಲ್ಲಿಟ್ಟುಕೊಂಡ.

ಹೀಗಿರುವಾಗ ಜೆಬ್ಬೆ ಬಂದಳು. ಸಂತೆಯಲ್ಲಿ ಹೊಗೆ ಹಾಕಿದ ಮೀನು ಮಾರುವ ಹೆಂಗಸು, ತುಂಬಿದ ಬಸುರಿ. ಜ್ವರದಲ್ಲೇ ಹೆರಿಗೆಯಾಗಿ ಕೂಸು ಸತ್ತು ಹುಟ್ಟಿತು. ಆಮೇಲೆ ಮುಖ ಊದಿಕೊಂಡಿತು, ಹಲ್ಲಿನ ಸಂದಿಯಲ್ಲಿ ರಕ್ತ ಜಿನುಗತೊಡಗಿತು. ಅವಳ ರಕ್ತವನ್ನು ಲಹಾಯ್ ಐಸಿನ ಡಬ್ಬಿಯಲ್ಲಿ ಹಾಕಿ ರಾಜಧಾನಿಯ ಬಸ್ಸಿಗೆ ಕೊಟ್ಟು ಕಳಿಸಿದ. ವಾರ ಕಳೆದರೂ ಉತ್ತರವಿಲ್ಲ. ಹೆಂಗಸರ ವಾರ್ಡಿನಲ್ಲಿ ಅವಳನ್ನು ನೋಡಿಕೊಂಡವಳು ಲಹಾಯನ ತಂಗಿ ಬೈಂದು. ಕೈಗವಸು ಮುಗಿದುಹೋಗಿ ಎಷ್ಟೋ ಕಾಲವಾಗಿತ್ತು. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಂಡೇ ಬೈಂದು ಜೆಬ್ಬೆಯ ಮೈ ಒರೆಸಿದಳು, ಬಾಯಿ ಒರೆಸಿದಳು, ಬಟ್ಟೆ ಬದಲಾಯಿಸಿದಳು. ಜೆಬ್ಬೆಯ ತಾಯಿ ಮುದುಕಿ ಯೆಮಾ ಹಾಸಿಗೆಯ ಪಕ್ಕ ಚಾಪೆ ಹಾಸಿ ಕೂತು, ಈ ಮಗಳನ್ನು ಹೆತ್ತವಳ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಿದ್ದಳು.

ಆ ಹರಕೆ ನಾಟಲಿಲ್ಲ. ಸಮಾರಂಭಕ್ಕೆ ಮೂರು ದಿನವಿದೆ ಎನ್ನುವಾಗ ಬೈಂದು ಮಲಗಿದಳು.

ಲಹಾಯನಿಗೆ ಜಗತ್ತಿನಲ್ಲಿ ತನ್ನವಳು ಅಂತಿದ್ದದ್ದು ಅವಳೊಬ್ಬಳೇ. ಯುದ್ಧದ ಕಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ತಾನೇ ಇನ್ನೂ ಹುಡುಗನಾಗಿದ್ದವನು ಆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿದ್ದ. ನಿರಾಶ್ರಿತರ ಶಿಬಿರದಲ್ಲಿ ತನ್ನ ಪಾಲಿನ ಗಂಜಿ ಅವಳಿಗೆ ಕುಡಿಸಿದ್ದ. ಈಗ ಅವಳ ಗಂಟಲು ಹುಣ್ಣಾಗಿ ನೀರೂ ಇಳಿಯುತ್ತಿರಲಿಲ್ಲ. ಇದು ಮಲೇರಿಯಾ ಅಲ್ಲ. ಮಲೇರಿಯಾದ ಗುಳಿಗೆ ನುಂಗಿಸಿಯೂ ಆಗಿತ್ತು, ಜ್ವರ ಜಗ್ಗಲಿಲ್ಲ.

ಲಾಸ್ಸಾಕ್ಕೆ ಔಷಧಿ ಇತ್ತು, ಅದೂ ಇದೇ ಆಸ್ಪತ್ರೆಯಲ್ಲಿ. ಯಂತ್ರ ಕೊಟ್ಟ ವಿದೇಶಿ ದಾನಿಗಳು ಅದರ ಜೊತೆಗೇ ಚುಚ್ಚುಮದ್ದಿನ ಪೆಟ್ಟಿಗೆಗಳನ್ನೂ ಕಳಿಸಿದ್ದರು. ಬೇಗ ಕೊಟ್ಟರೆ ಜೀವ ಉಳಿಯುತ್ತದೆ, ತಡವಾದರೆ ಕೊಟ್ಟೂ ಪ್ರಯೋಜನವಿಲ್ಲ. ಆದರೆ ಪರೀಕ್ಷೆಯಲ್ಲಿ ರೋಗ ಸಾಬೀತಾದವರಿಗೆ ಮಾತ್ರ ಕೊಡಬೇಕು ಎಂಬ ನಿಯಮವನ್ನೂ ಪೆಟ್ಟಿಗೆಯ ಜೊತೆಗೇ ಕಳಿಸಿದ್ದರು. ಔಷಧಿ ಇದ್ದದ್ದು ಕೋಣೆಯ ಬೀಗದಾಚೆ, ಪರೀಕ್ಷೆ ಮಾಡುವ ಯಂತ್ರ ರಿಬ್ಬನ್ನಿನಾಚೆ.

ಲಹಾಯ್ ಡಾಕ್ಟರ ಕೋಣೆಗೆ ಹೋಗಿ, ಬೈಂದುವಿನದೂ ಜೆಬ್ಬೆಯದೂ ಇಬ್ಬರ ರಕ್ತವನ್ನು ಇವತ್ತೇ ಯಂತ್ರಕ್ಕೆ ಹಾಕುತ್ತೇನೆ ಎಂದ. ಡಾಕ್ಟರು ಸಮಾರಂಭಕ್ಕೆಂದು ಹೊಲಿಸಿದ ನಿಲುವಂಗಿ ತೊಟ್ಟು ಅಳತೆ ನೋಡಿಕೊಳ್ಳುತ್ತಿದ್ದರು. ಬಟ್ಟೆಯ ಮೇಲೆಲ್ಲ ಆ ಯಂತ್ರದ್ದೇ ಚಿತ್ರ, ಹಸಿರು ಬಣ್ಣದಲ್ಲಿ. ಮದುವೆ ಮನೆಯಲ್ಲಿ ನೆಂಟರೆಲ್ಲ ಒಂದೇ ಬಟ್ಟೆ ಉಡುವ ಹಾಗೆ, ಈ ಬಟ್ಟೆಯನ್ನು ಇಡೀ ಆಸ್ಪತ್ರೆಗೆ ಅಚ್ಚು ಹಾಕಿಸಿ ಹಂಚಿದ್ದರು. ಕೈಗವಸಿಗೆ ಹಣವಿರಲಿಲ್ಲ, ಇದಕ್ಕಿತ್ತು.

"ಮದುವೆಗೆ ಮುಂಚೆ ಹುಡುಗೀನ ಮನೆ ತುಂಬಿಸ್ಕೊಳ್ತಾರೇನಯ್ಯಾ?" ಎಂದರು ಡಾಕ್ಟರು, ಕನ್ನಡಿಯಿಂದ ಕಣ್ಣು ತೆಗೆಯದೆ. "ಉಪಮಂತ್ರಿಗಳು ಬಂದು ರಿಬ್ಬನ್ ಕತ್ತರಿಸೋಕೆ ನಿಂತಾಗ ಒಳಗಡೆ ಆಗ್ಲೇ ಯಾರದೋ ರಕ್ತ ಇದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಸಾರ್, ನನ್ನ ತಂಗಿ ಅವಳು."

"ನಂಗೂ ಮಗಳ ಹಾಗೇ ಕಣೋ. ಮಲೇರಿಯಾ ಅದು, ಇಳಿಯುತ್ತೆ. ಅಷ್ಟು ಅನುಮಾನ ಇದ್ರೆ ಒಂದು ಕೆಲಸ ಮಾಡು. ಅವತ್ತು ಎಲ್ಲರ ಮುಂದೆ ಮೊದಲ ಪರೀಕ್ಷೆ ಅವಳದ್ದೇ ಮಾಡು. ನಮ್ಮ ನರ್ಸಿಗೆ ಏನೂ ಆಗಿಲ್ಲ ಅಂತ ಯಂತ್ರಾನೇ ಹೇಳ್ಲಿ, ಟೀವಿಯವರಿಗೂ ಒಂದು ಒಳ್ಳೆ ಚಿತ್ರ ಸಿಗುತ್ತೆ."

ಜೆಬ್ಬೆಯದನ್ನೂ ಸೇರಿಸಬಹುದಲ್ಲ ಎಂದು ಲಹಾಯ್ ಕೇಳಿದ. ಒಂದೇ ಸಾಕು, ಅತಿಥಿಗಳಿಗೆ ಊಟಕ್ಕೆ ತಡವಾಗುತ್ತದೆ ಎಂದರು ಡಾಕ್ಟರು. ಲಹಾಯ್ ಹೌದು ಸಾರ್ ಎಂದು ಹೊರಗೆ ಬಂದ.

ರಿಬ್ಬನ್ ಬಿಚ್ಚಿ ಮತ್ತೆ ಕಟ್ಟುವುದೇನು ಮಹಾ ವಿದ್ಯೆಯೇ? ಪ್ರಯೋಗಾಲಯದ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಯಂತ್ರ ನಡೆಸಲು ಅವನಿಗಲ್ಲದೆ ಆ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಮೇಜಿನ ಮುಂದೆ ಹೋಗಿ ನಿಂತ, ಪ್ಲಾಸ್ಟಿಕ್ಕಿನ ಅಂಚು ಎತ್ತಿ ನೋಡಿದ, ಮತ್ತೆ ಮುಚ್ಚಿದ. ಇನ್ನೆರಡೇ ದಿನ, ಹೇಗೂ ಮೊದಲ ಪರೀಕ್ಷೆ ಅವಳದ್ದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಇಡೀ ಇಲಾಖೆಯನ್ನು ಹೇಡಿಗಳ ಹಿಂಡು ಎಂದು ಜರೆಯುತ್ತಿದ್ದ ಗಂಡು ಒಂದು ರಿಬ್ಬನ್ನಿಗೆ ಹೆದರಿ ಮನೆಗೆ ಹೋದ.

ಸಮಾರಂಭದ ದಿನ ಬೆಳಿಗ್ಗೆ ಮೇಟ್ರನ್ ಬಂದು ಫ್ರಿಜ್ಜಿನ ಬೀಗದ ಕೈ ಕೇಳಿದಳು. ಊರಿನ ಕರೆಂಟು ಎರಡು ದಿನದಿಂದ ಸತ್ತಿತ್ತು. ಸೂರ್ಯನ ಬಿಸಿಲಲ್ಲಿ ನಡೆಯುವ ಫ್ರಿಜ್ಜು ಇದ್ದದ್ದು ಪ್ರಯೋಗಾಲಯದಲ್ಲಿ ಒಂದೇ, ಅದರೊಳಗೆ ಯಂತ್ರಕ್ಕೆ ಹಾಕುವ ಪರೀಕ್ಷೆಯ ಡಬ್ಬಿಗಳು. ತಣ್ಣಗಿದ್ದರೆ ಮಾತ್ರ ಅವು ಕೆಲಸಕ್ಕೆ ಬರುತ್ತಿದ್ದವು. ಉಪಮಂತ್ರಿಗಳಿಗೆ ಎರಡು ಬಾಟಲಿ ತಣ್ಣನೆ ಪಾನೀಯ ಇಡಬೇಕು, ಅಷ್ಟೇ ಎಂದಳು ಮೇಟ್ರನ್. ಬಂದ ಅತಿಥಿಗೆ ಬೆಚ್ಚಗಿನ ಬಾಟಲಿ ಕೊಡುವುದೆಂದರೆ ಬಂದಾಹುನ್‌ನಲ್ಲಿ ಹೆಣ್ಣುಮಗಳ ಮಾನ ಹೋದ ಹಾಗೆ, ತಲೆ ತಲಾಂತರಕ್ಕೂ ಆಡಿಕೊಳ್ಳುತ್ತಾರೆ. ಲಹಾಯ್ ಬೈಂದುವಿನ ಹತ್ತಿರ ಹೋಗುವ ಅವಸರದಲ್ಲಿದ್ದ. ಡಬ್ಬಿಗಳನ್ನು ಮುಟ್ಟಬೇಡ ಎಂದು ಹೇಳಿ ಬೀಗದ ಕೈ ಬಿಚ್ಚಿಕೊಟ್ಟ.

ವಾರ್ಡಿನಲ್ಲಿ ಬೈಂದುವಿನ ಕಣ್ಣು ಕೆಂಡವಾಗಿತ್ತು. ಆದರೂ ಪ್ರಜ್ಞೆಯಿತ್ತು. ತೋಳಿನಿಂದ ರಕ್ತ ತೆಗೆಯುತ್ತಿದ್ದ ಅಣ್ಣನನ್ನು ಅವಳು ಕೇಳಿದ್ದು ಒಂದೇ.

"ಜೆಬ್ಬೇದೂ ತಗೊಂಡ್ಯಾ ಅಣ್ಣಾ?"

ಅವಳದೂ ಆಗುತ್ತದೆ, ನಿನ್ನದಾದ ಮೇಲೆ ಎಂದ ಲಹಾಯ್. ಯೆಮಾ ಚಾಪೆಯ ಮೇಲಿಂದ ಎದ್ದು, ದೇವರು ನಿನ್ನ ಕೈಯಲ್ಲಿ ಬರಲಿ ಮಗಾ ಎಂದಳು.

ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಯಂತ್ರವನ್ನು ಮೇಜಿನ ಸಮೇತ ಅದರಡಿಗೆ ತಂದು ಪ್ರಯೋಗಾಲಯದ ಬಿಸಿಲಿನ ಕರೆಂಟಿನಿಂದ ತಂತಿ ಎಳೆದಿದ್ದರು. ಯಂತ್ರದ ಚಿತ್ರ ಉಟ್ಟುಕೊಂಡ ಹೆಂಗಸರು ಸಾಲಾಗಿ ಕುಣಿಯುತ್ತಿದ್ದರು. ಉಪಮಂತ್ರಿಗಳು ಮಧ್ಯಾಹ್ನದ ಹೊತ್ತಿಗೆ ಬಂದರು, ಅವರ ಹಿಂದೆ ದಾನ ಕೊಟ್ಟ ಸಂಸ್ಥೆಯ ಬಿಳಿಯ ಬಂದ. ಇಮಾಮರು ಪ್ರಾರ್ಥನೆ ಮಾಡಿದರು, ಪಾದ್ರಿಗಳು ಅದಕ್ಕಿಂತ ಉದ್ದದ್ದು ಮಾಡಿದರು. ಊರ ಮುಖ್ಯಸ್ಥರು ನೆಲಕ್ಕೆ ಹೆಂಡ ಎರೆದು, ಸತ್ತ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದು ಯಂತ್ರ ನೋಡಿಕೊಳ್ಳಿ ಎಂದು ಒಪ್ಪಿಸಿದರು. ತಾಂಬೂಲದ ಹಾಗೆ ಕೋಲಾ ಕಾಯಿ ಹಂಚಿದ್ದಾಯಿತು. ಇನ್ನು ಮೇಲೆ ಬಂದಾಹುನ್‌ನಲ್ಲಿ ಯಾವ ರೋಗವೂ ನಮ್ಮ ಕಣ್ಣು ತಪ್ಪಿಸಿ ಹೋಗಲಾರದು ಎಂದು ಉಪಮಂತ್ರಿಗಳು ಗುಡುಗಿದರು. ಬಿಳಿಯ ತನಗೆ ಬಹಳ ಸಂತೋಷವಾಗಿದೆ ಎಂದ. ಹೀಗೆ ಹೇಳುವುದಕ್ಕೇ ಆತನಿಗೆ ಸಂಬಳ. ರಿಬ್ಬನ್ ಕತ್ತರಿಸಿದರು, ಕತ್ತರಿ ಮೊಂಡಾಗಿದ್ದರಿಂದ ಕೊನೆಗೆ ಎಳೆದು ಹರಿದರು.

ಲಹಾಯ್ ಪರೀಕ್ಷೆಯ ಡಬ್ಬಿ ತರಲು ಒಳಗೆ ಹೋಗಿ ಫ್ರಿಜ್ಜು ತೆಗೆದ. ಕೆಳಗಿನಿಂದ ಮೇಲಿನ ತನಕ ಬಾಟಲಿಗಳು, ಶುಂಠಿ ಪಾನೀಯ, ಕಿತ್ತಳೆ ಪಾನೀಯ, ಉಪಮಂತ್ರಿಗಳ ಚಾಲಕರಿಗೆ ಬಿಯರು. ಪರೀಕ್ಷೆಯ ಒಂದು ಡಬ್ಬಿಯೂ ಅಲ್ಲಿರಲಿಲ್ಲ. ಹಿಂದಿನ ಜಗಲಿಯಲ್ಲಿ, ತಗಡಿನ ಸೂರಿನ ಕೆಳಗೆ, ಬೆಳಗಿನಿಂದ ಬಿಸಿಲು ನೇರ ಹೊಡೆಯುವ ಬೆಂಚಿನ ಮೇಲೆ ಅವನ್ನು ಎಷ್ಟು ಒಪ್ಪವಾಗಿ ಜೋಡಿಸಿಟ್ಟಿದ್ದರು! ಮೇಲೆ ಧೂಳು ಬೀಳದಿರಲೆಂದು ಹೊಸ ಬಟ್ಟೆಯ ತುಂಡೊಂದನ್ನೂ ಹೊದಿಸಿದ್ದರು. ಮುಟ್ಟಿದರೆ ಕೈ ಚುರ್ ಎಂದಿತು. ಬಂದಾಹುನ್ ಜಿಲ್ಲೆಗೆಂದು ಸಮುದ್ರ ದಾಟಿ ಬಂದ ಅಷ್ಟೂ ಪರೀಕ್ಷೆ ಅಲ್ಲಿ ಬೆಂದು ಹೋಗಿತ್ತು. ಮೇಟ್ರನ್ ಮೇಲೆ ಕೂಗಾಡಲು ಬಾಯಿ ತೆರೆದವನಿಗೆ ಬೀಗದ ಕೈ ಕೊಟ್ಟವನು ತಾನೇ ಎಂಬುದು ನೆನಪಾಯಿತು.

ಹೊರಗೆ ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಅವನು ಒಂದು ಡಬ್ಬಿ ತಂದು, ತಂಗಿಯ ರಕ್ತ ಹಾಕಿ, ಯಂತ್ರದೊಳಗಿಟ್ಟು ಗುಂಡಿ ಒತ್ತಿದ. ಆ ಹೊತ್ತಿನಲ್ಲಿ ಡಾಕ್ಟರ್ ಸೆನೆಸಿ ಧನ್ಯವಾದ ಹೇಳಿದರು, ಟೀವಿಯವನು ಎಲ್ಲರ ಮುಖಕ್ಕೂ ಕ್ಯಾಮರಾ ಹಿಡಿದ. ಒಳಗಿನಿಂದ ಕೋಳಿ ಕರಿಯುವ ವಾಸನೆ ಬಂದು ಜನ ಕುರ್ಚಿಯ ಮೇಲೆ ಮಿಸುಕಾಡತೊಡಗಿದರು. ಕೊನೆಗೂ ಯಂತ್ರ ಬೀಪ್ ಎಂದಿತು. ಪರದೆಯ ಮೇಲೆ ಫಲಿತಾಂಶ ಇರಲಿಲ್ಲ. ಪರೀಕ್ಷೆ ವಿಫಲ, ಇನ್ನೊಮ್ಮೆ ಮಾಡಿ ಎಂದಿತ್ತು.

"ಏನಂತಪ್ಪಾ ನಿಮ್ಮ ಯಂತ್ರ?" ಎಂದು ಉಪಮಂತ್ರಿಗಳು ನಗುನಗುತ್ತ ಕೇಳಿದರು.

ವಿಫಲ ಎಂದರೆ ಮುಗಿಯಿತು. ದಾನಿಗಳು ಹೊಸ ಡಬ್ಬಿ ಕಳಿಸುವ ತನಕ ಕಾಯಬೇಕು, ಬೈಂದುವಿಗೆ ಕಾಯಲು ದಿನಗಳಿರಲಿಲ್ಲ. ಲಹಾಯನಿಗೆ ಆಕೆಯ ಕೆಂಪು ಕಣ್ಣು ಕಂಡಿತು. ಅಷ್ಟು ವರ್ಷ ರಾಜಧಾನಿಯವರ ಸುಳ್ಳು ವರದಿಗಳನ್ನು ಹರಿದು ಹಂಚಿದವನು, ಪರದೆಗೆ ಮೈ ಅಡ್ಡ ಮಾಡಿ ನಿಂತು ಗಟ್ಟಿಯಾಗಿ ಹೇಳಿದ.

"ಲಾಸ್ಸಾ ಅಂತಿದೆ ಸಾರ್."

ತಕ್ಷಣ ಉಪಮಂತ್ರಿಗಳಿಗೆ ರಾಜಧಾನಿಯಲ್ಲಿ ತುರ್ತು ಕೆಲಸ ನೆನಪಾಯಿತು. ಯಾವ ರೋಗವೂ ಕಣ್ಣು ತಪ್ಪಿಸಲಾರದೆಂದು ಗುಡುಗಿದವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಾರಿನತ್ತ ಓಡಿದರು. ಅವರ ಹಿಂದೆ ಬಿಳಿಯ, ಅವನ ಹಿಂದೆ ಟೀವಿಯವನು. ಇಮಾಮರೂ ಪಾದ್ರಿಗಳೂ ಗೇಟಿನಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಕಾಲಿಗೆ ಬುದ್ಧಿ ಹೇಳಿದರು. ಬಡಿಸಿಟ್ಟ ಅನ್ನ, ಕರಿದ ಕೋಳಿ ಹಾಗೇ ಉಳಿದು ನೊಣ ಮುತ್ತಿದವು. ಬಾಟಲಿಗಳು ಮಾತ್ರ ಫ್ರಿಜ್ಜಿನಲ್ಲಿ ಬಹಳ ಚೆನ್ನಾಗಿ ತಣ್ಣಗಾಗಿದ್ದವು.

ಔಷಧಿ ಕೋಣೆ ನೋಡಿಕೊಳ್ಳುವ ಮುದುಕ ಬೊಕಾರಿ, ಊರವರ ಬಾಯಲ್ಲಿ ಗೌರವದ ಪಾ ಬೊಕಾರಿ, ಸಮಾರಂಭಕ್ಕೆ ಬಂದಿರಲಿಲ್ಲ, ಮೊಣಕಾಲು ನೋವು. ಲಹಾಯ್ ಫಲಿತಾಂಶದ ಚೀಟಿ ಬರೆದು ಮೊಹರು ಒತ್ತಿ ಅವರ ಮುಂದೆ ಹಿಡಿದ. ಮುದುಕ ಕನ್ನಡಕ ಏರಿಸಿಕೊಂಡು ಓದಿ, ಪೆಟ್ಟಿಗೆ ಬಿಚ್ಚಿದರು. ಬೇಕಾದಷ್ಟು ಔಷಧಿ ಇತ್ತು ಒಳಗೆ.

"ಒಬ್ಬಳದೇನಾ ಹೆಸರು?" ಎಂದರು ಅವರು. "ಆ ಮೀನಿನ ಹೆಂಗಸೂ ಇದೇ ಜ್ವರದಲ್ಲೇ ಇರೋದು ಅಂದ್ರು. ಅವಳದ್ದೂ ಬರ್ಕೊಡು ಮಗಾ, ಒಟ್ಟಿಗೇ ಕೊಟ್ಬಿಡ್ತೀನಿ."

ಪೆನ್ನು ಕೈಯಲ್ಲೇ ಇತ್ತು. ಇನ್ನೊಂದು ಹೆಸರು ಬರೆಯಲು ಎಷ್ಟು ಹೊತ್ತು? ಆದರೆ ಜೆಬ್ಬೆಯ ರಕ್ತವನ್ನು ಅವನು ಯಂತ್ರಕ್ಕೆ ಹಾಕಿರಲೇ ಇಲ್ಲ. ಒಂದು ಸುಳ್ಳಿಗೆ ಇಡೀ ಊರೇ ಸಾಕ್ಷಿಯಾಗಿತ್ತು, ಎರಡನೆಯದಕ್ಕೆ ಯಾರಿದ್ದಾರೆ? ಯಾವಾಗ ಮಾಡಿದೆ, ಎಲ್ಲಿ ಮಾಡಿದೆ ಎಂದು ಒಬ್ಬ ಕೇಳಿದರೂ ಮೊದಲನೆಯದರ ಬಣ್ಣವೂ ಬಯಲಾಗಿ, ಬೈಂದುವಿನ ತೋಳಿನಿಂದ ಸೂಜಿ ಕಿತ್ತುಕೊಂಡು ಹೋಗುತ್ತಾರೆ. ನಾಳೆ ಏನಾದರೂ ಮಾಡೋಣ ಎಂದುಕೊಂಡ. ನಾಳೆ ಎನ್ನುವುದನ್ನು ಅವನು ಡಾಕ್ಟರ್ ಸೆನೆಸಿಯಿಂದ ಚೆನ್ನಾಗಿಯೇ ಕಲಿತಿದ್ದ.

"ಒಬ್ಬಳದೇ ಪಾ," ಎಂದ.

ಬೈಂದುವನ್ನು ಹಿಂದಿನ ತಗಡಿನ ಕೋಣೆಗೆ ಬೇರೆ ಹಾಕಿ ಚುಚ್ಚುಮದ್ದು ಶುರು ಮಾಡಿದರು. ಜೆಬ್ಬೆ ವಾರ್ಡಿನ ಮೂಲೆಯಲ್ಲಿ ಮಲೇರಿಯಾದ ಗುಳಿಗೆಯ ಮೇಲೆಯೇ ಉಳಿದಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. ಅದನ್ನು ನೋಡಲಾರದೆ ಲಹಾಯ್ ಡಾಕ್ಟರ ಕೋಣೆಗೆ ಓಡಿದ. ಜೆಬ್ಬೆಗೂ ಲಾಸ್ಸಾವೇ, ನಿನ್ನೆ ಎಲ್ಲರೂ ಹೋದ ಮೇಲೆ ಪರೀಕ್ಷೆ ಮಾಡಿದೆ ಎಂದ. ಡಾಕ್ಟರು ಫೋನು ಕೆಳಗಿಟ್ಟು ಅವನನ್ನು ಮರುಕದಿಂದ ನೋಡಿದರು. ಆ ಕಡೆಯಿಂದ ಮಾತಾಡುತ್ತಿದ್ದದ್ದು ಅದೇ ಬಿಳಿಯ. ಹಸ್ತಾಂತರದ ದಿನವೇ ರೋಗ ಪತ್ತೆ ಮಾಡಿದ ಜಿಲ್ಲೆ ಜಗತ್ತಿನಲ್ಲೇ ಇನ್ನೊಂದಿಲ್ಲ ಎಂದು ಹೊಗಳಿ, ಇನ್ನೂ ಎರಡು ಯಂತ್ರ ಕೊಡಿಸುತ್ತೇನೆ ಎಂದಿದ್ದನಂತೆ.

"ಕೂತ್ಕೋ ಲಹಾಯ್," ಎಂದರು ಡಾಕ್ಟರು. "ಪರದೆ ಮೇಲೆ ಏನಿತ್ತು ಅಂತ ನಂಗೂ ಕಾಣಿಸ್ತು ಕಣಯ್ಯಾ. ನಿನ್ನ ಪಕ್ಕದಲ್ಲೇ ನಿಂತಿದ್ದೆ. ನಂಗೂ ಓದೋಕೆ ಬರುತ್ತೆ."

ಲಹಾಯ್ ಕುರ್ಚಿಯ ಅಂಚಿನಲ್ಲಿ ಕೂತ.

"ತಂಗಿ ಜೀವದ ಮಾತು, ಸುಮ್ನಿದ್ದೆ. ಒಳ್ಳೇದೇ ಆಯ್ತು. ಆದ್ರೆ ಒಬ್ಬಳಿಗೆ ಬಂದ್ರೆ ನಾವು ಪತ್ತೆ ಹಚ್ಚಿದ ಹಾಗೆ. ಇಬ್ಬರಿಗೆ ಬಂದ್ರೆ ನಮ್ಮಲ್ಲಿ ರೋಗ ಹಬ್ಬಿದೆ ಅಂತಾರೆ, ಇಷ್ಟು ದಿನ ಏನ್ ಮಾಡ್ತಿದ್ರಿ ಅಂತಾರೆ. ಒಂದು ಸಾಕು. ನೀನೂ ಅಷ್ಟೇ ಅಲ್ವಾ ಲೆಕ್ಕ ಹಾಕಿದ್ದು?"

ಹಾಕಿದ್ದು ಅಷ್ಟೇ. ಹೆಂಡದಂಗಡಿಯ ಬೆಂಚಿನಿಂದ ತಾನು ದಿನಾ ಬೈಯುತ್ತಿದ್ದ ಮನುಷ್ಯನ ಬಾಯಲ್ಲಿ ತನ್ನ ಮನಸ್ಸಿನ ಮಾತೇ ಹೊರಬಿದ್ದದ್ದು ಕೇಳಿ ಲಹಾಯನಿಗೆ ಅಲ್ಲೇ ಸತ್ತುಹೋಗಬೇಕೆನಿಸಿತು. ಸಾಯಲಿಲ್ಲ. ಪಾ ಬೊಕಾರಿಯ ಹತ್ತಿರ ಓಡಿಹೋಗಿ ಜೆಬ್ಬೆಯ ಹೆಸರು ಬರೆದುಕೊಟ್ಟ. ಇನ್ನು ಡಾಕ್ಟರ ಸಹಿ ಇಲ್ಲದೆ ಪೆಟ್ಟಿಗೆ ತೆಗೆಯಬಾರದೆಂದು ಬೆಳಿಗ್ಗೆಯೇ ಆಜ್ಞೆ ಬಂದಿದೆ, ನಿನ್ನೆಯೇ ಬರೆದಿದ್ದರೆ ಕೊಡುತ್ತಿದ್ದೆನಲ್ಲ ಎಂದರು ಮುದುಕ. ಸಂಜೆ ಜೆಬ್ಬೆ ತೀರಿಕೊಂಡಳು. ಹೆರಿಗೆಯ ನಂತರದ ರಕ್ತಸ್ರಾವ ಎಂದು ಬರೆದರು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಾಹುನ್ ವರದಿ ಹೋಯಿತು: ಲಾಸ್ಸಾ ಒಂದು, ಸಾವು ಇಲ್ಲ.

ಬೈಂದು ಉಳಿದಳು. ಜ್ವರ ಇಳಿದ ಮೇಲೆ ಅವಳನ್ನು ಮತ್ತೆ ಹೆಂಗಸರ ವಾರ್ಡಿಗೆ ತಂದರು. ಅಷ್ಟು ಹೊತ್ತಿಗೆ ಪ್ರಯೋಗಾಲಯದ ಬಾಗಿಲಿಗೆ ಹೊಸ ಫಲಕ ಬಂದಿತ್ತು, ಅದರ ಕೆಳಗೆ ಮುಖ್ಯಸ್ಥ ಲಹಾಯ್ ಕಲ್ಲೊನ್ ಎಂದು ಬಣ್ಣದಲ್ಲಿ ಬರೆದಿದ್ದರು. ಊರಿನ ರೇಡಿಯೋದಲ್ಲಿ ಅವನ ಚುರುಕು ಕಣ್ಣನ್ನು ಹೊಗಳಿದರು. ಹೆಂಡದಂಗಡಿಯಲ್ಲಿ ಅವನಿಗೆ ಬೆಂಚಿನ ನಡುವೆ ಜಾಗ ಬಿಟ್ಟರು. ಅವನು ಅಲ್ಲಿಗೆ ಹೋಗುವುದನ್ನೇ ನಿಲ್ಲಿಸಿದ.

ಬೈಂದುವಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬದುಕಿ ಉಳಿದವರಲ್ಲಿ ಕೆಲವರ ಕಿವಿಯನ್ನು ಲಾಸ್ಸಾ ಒಯ್ಯುತ್ತದೆ. ಲಹಾಯ್ ಹೇಳಿದ ಸುಳ್ಳು ನಿಜವೇ ಆಗಿತ್ತೆಂದು ಕೊನೆಗೆ ತೋರಿಸಿಕೊಟ್ಟದ್ದು ಯಂತ್ರವಲ್ಲ, ಅವಳ ಕಿವಿ. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಎಲ್ಲೋ ಒಂದಿಷ್ಟು ಒಳಗೆ ಹೋಗುತ್ತಿತ್ತು. ದಿನಾ ಮಧ್ಯಾಹ್ನ ಯೆಮಾ ಮೆಣಸಿನ ಸಾರು ಹೊತ್ತು ಬಂದು ಅವಳಿಗೆ ಕುಡಿಸಿ ಹೋಗುತ್ತಿದ್ದಳು. ಮಗಳ ಏಳನೇ ದಿನದ ಕಾರ್ಯ ಮುಗಿಸಿದ ಮಾರನೆಯ ದಿನವೇ ಶುರು ಮಾಡಿದ್ದಳು. ನನ್ನ ಮಗಳ ಹೊಲಸು ಬಳಿದ ಕೈ ಇದು ಎಂದು ಬೈಂದುವಿನ ಅಂಗೈ ಸವರುತ್ತಿದ್ದಳು.

ಅವತ್ತು ಯೆಮಾ ಸಾರಿನ ಬಟ್ಟಲು ಹಿಡಿದು ಕೂತಿದ್ದಾಗಲೇ ಬೈಂದು ಅಣ್ಣನ ಅಂಗಿ ಹಿಡಿದು ಎಳೆದಳು. ಕಿವಿ ಕೇಳದವರ ಹಾಗೆ ದನಿ ವಿಪರೀತ ದೊಡ್ಡದಾಗಿತ್ತು.

"ಜೆಬ್ಬೆಗೂ ಅದೇ ಔಷಧಿ ಕೊಟ್ರಲ್ವಾ ಅಣ್ಣಾ? ಕೊಟ್ಟೂ ಉಳೀಲಿಲ್ವಾ?"

ಲಹಾಯ್ ಹೌದೆಂದು ತಲೆಯಾಡಿಸಿಬಿಡಬಹುದಿತ್ತು. ಆದರೆ ಇಷ್ಟು ದಿನವೂ ಅವನಿಗೆ ಊಟ ಸೇರಿರಲಿಲ್ಲ, ನಿದ್ದೆ ಹತ್ತಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಗಡಿ ದಾಟಿಸಿದ ಈ ಒಬ್ಬಳಿಗಾದರೂ ನಿಜ ಹೇಳದಿದ್ದರೆ ತಾನು ಬದುಕುವುದಿಲ್ಲ ಎನಿಸಿತು. ಚೀಟಿಯಲ್ಲಿ ಬರೆದು ತೋರಿಸಬಹುದಿತ್ತು. ಬರೆದದ್ದು ಉಳಿದುಬಿಡುತ್ತದೆ ಎಂಬ ಹೆದರಿಕೆ. ಆ ಸ್ಥಿತಿಯಲ್ಲೂ ಮುಖ್ಯಸ್ಥರಿಗೆ ತಮ್ಮ ಕುರ್ಚಿಯ ಜ್ಞಾನ ತಪ್ಪಿರಲಿಲ್ಲ. ಅವಳ ಕಿವಿಗೆ ಬಾಯಿ ತಂದು ಪಿಸುಮಾತಿನಲ್ಲಿ ಹೇಳಿದ.

"ಏನಂದೆ? ಕೇಳಿಸ್ಲಿಲ್ಲ."

ಇನ್ನೊಂದಿಷ್ಟು ದನಿಯೇರಿಸಿ ಹೇಳಿದ. ಅವಳು ತಲೆಯಲ್ಲಾಡಿಸಿದಳು, ಅಂಗಿ ಬಿಡಲಿಲ್ಲ. ಅವನು ಕೂಗಿಯೇಬಿಟ್ಟ.

"ಕೊಡ್ಲಿಲ್ಲ. ಔಷಧಿ ಬೇಕಾದಷ್ಟಿತ್ತು, ಪಾ ಬೊಕಾರಿ ಹೆಸರು ಕೇಳಿದ್ರು, ನಾನೇ ಬರೀಲಿಲ್ಲ. ನಿಂದೊಂದೇ ಬರ್ದೆ."

ಕೂಗಿಗೆ ವಾರ್ಡಿನ ಹೆಂಗಸರೆಲ್ಲ ತಲೆಯೆತ್ತಿದರು. ಬಾಗಿಲಲ್ಲಿ ಹಾದುಹೋಗುತ್ತಿದ್ದ ಮೇಟ್ರನ್ ನಿಂತಳು. ಲಹಾಯನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಯೆಮಾ ಬಟ್ಟಲನ್ನು ಮೆಲ್ಲಗೆ ನೆಲದ ಮೇಲಿಟ್ಟದ್ದು ಮಾತ್ರ ಅವನಿಗೆ ಕೇಳಿಸಿತು. ಬೈಂದು ಅಣ್ಣನ ಬಾಯನ್ನೇ ನೋಡುತ್ತಿದ್ದಳು, ಹುಬ್ಬು ಗಂಟಿಕ್ಕಿಕೊಂಡು.

"ಸರಿಯಾಗಿ ಕೇಳಿಸ್ತಿಲ್ಲ ಅಣ್ಣಾ. ಇನ್ನೊಂದ್ಸಲ ಹೇಳು."

ಹಿಂದಿನಿಂದ ಮುದುಕಿಯ ಕೈ ಅವನ ಭುಜದ ಮೇಲೆ ಬಂದು ಕೂತಿತು. ಭಾರವಾಗಿತ್ತು ಕೈ.

"ಹೇಳು ಮಗಾ," ಎಂದಳು ಯೆಮಾ. "ನಂಗೆ ಕೇಳಿಸ್ತು. ಅವಳಿಗೂ ಕೇಳೋ ಹಾಗೆ ಹೇಳು."